ಕಲ್ಲಿಗೂ ಒಂದು ವಿಳಾಸ ಉಂಟು

ಹೊಲದಲ್ಲಿ ಸಿಕ್ಕ ಭಾರದ ಕಪ್ಪು ಕಲ್ಲು ಆಕಾಶದಿಂದ ಬಿದ್ದದ್ದೆ? ಮಿನುಗುವ ಹರಳು ಬಂಗಾರವೆ? ಹಸಿರು ಕಿಲುಬು ಹಿಡಿದ ಬಿಲ್ಲೆ ಯಾವ ಕಾಲದ್ದು? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ನೆಲ ಒಡ್ಡುವ ಇಂಥ ಒಗಟುಗಳಿಗೆ ಅರ್ಧ ಉತ್ತರ ಅಡುಗೆಮನೆಯ ಸಾಮಾನಿನಿಂದಲೇ ಸಿಗುತ್ತದೆ. ಉಳಿದರ್ಧ ಇರುವುದು ಆ ವಸ್ತು ಬಿದ್ದಿದ್ದ ಜಾಗದಲ್ಲಿ.

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದು ಹೋದ ಮೇಲೆ ಬಾಗಲಕೋಟೆ ಜಿಲ್ಲೆಯ ಹೊಲ, ಹಳ್ಳ, ದಿನ್ನೆಗಳ ಮೇಲೆ ಏನೇನೋ ಕಾಣಿಸಿಕೊಳ್ಳುತ್ತವೆ. ಮೇಲ್ಮಣ್ಣು ತೊಳೆದುಹೋದಲ್ಲಿ ಬಣ್ಣದ ಕಲ್ಲು ಹೊಳೆಯುತ್ತದೆ. ನೇಗಿಲಿಗೆ ಕಪ್ಪನೆಯ ಗಟ್ಟಿಯೊಂದು ತಗಲುತ್ತದೆ. ಮನೆಯ ಬುನಾದಿ ತೋಡುವಾಗ ಹಸಿರು ಬಣ್ಣದ ದುಂಡು ಬಿಲ್ಲೆಯೊಂದು ಗುದ್ದಲಿಯ ಜೊತೆ ಮೇಲೆ ಬರುತ್ತದೆ. ಆಡು ಕಾಯುವ ಹುಡುಗರ ಕಿಸೆ ತಪಾಸಣೆ ಮಾಡಿದರೆ ಒಂದು ಸಣ್ಣ ವಸ್ತುಸಂಗ್ರಹಾಲಯವೇ ಹೊರಬೀಳಬಹುದು.

ಹೀಗೆ ಸಿಕ್ಕ ವಸ್ತುಗಳಿಗೆ ಸಾಮಾನ್ಯವಾಗಿ ಮೂರು ಗತಿ. ಒಂದು, ದೇವರ ಜಗಲಿ. ಎರಡು, 'ಇದಕ್ಕೆ ಲಕ್ಷಗಟ್ಟಲೆ ಬೆಲೆ' ಎಂದು ಹೇಳಿಕೊಂಡು ಬರುವ ಅಪರಿಚಿತನ ಚೀಲ. ಮೂರು, ತಿಪ್ಪೆ. ನಾಲ್ಕನೆಯ ದಾರಿಯೊಂದಿದೆ. ಅದು ಏನು ಎಂದು ನಿಧಾನವಾಗಿ ನೋಡಿ ತಿಳಿಯುವುದು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ಮೊದಲಿಗೆ ಒಂದೇ ಪ್ರಶ್ನೆ: ಈ ಕಲ್ಲು ಈ ಊರಿನದೇ, ಪರವೂರಿನದೇ?

ನಾಲ್ಕು ಊರು, ನಾಲ್ಕು ನೆಲ

ಈ ಪ್ರಶ್ನೆ ಕೇಳಲು ಬಾಗಲಕೋಟೆಯಷ್ಟು ಅನುಕೂಲವಾದ ಜಿಲ್ಲೆ ಕರ್ನಾಟಕದಲ್ಲಿ ವಿರಳ. ಇಲ್ಲಿ ಬಸ್ಸು ಹತ್ತಿ ಅರ್ಧ ದಿನ ತಿರುಗಿದರೆ ಭೂಮಿಯ ಚರಿತ್ರೆಯ ನಾಲ್ಕು ಅಧ್ಯಾಯಗಳನ್ನು ದಾಟಿದಂತೆ.

ಇಳಕಲ್ ಎಂದರೆ ಸೀರೆ ನೆನಪಾಗುವುದು ಸಹಜ. ಹೊರದೇಶದ ಕಟ್ಟಡದವರಿಗೆ ನೆನಪಾಗುವುದು ಇಳಕಲ್ ಗ್ರಾನೈಟ್. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾದ ಕಲ್ಲು ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ಒಡೆದ ಮುಖವನ್ನು ಬಿಸಿಲಿಗೆ ಹಿಡಿದರೆ ಮೂರು ಬಗೆಯ ಕಣಗಳು ಕಾಣುತ್ತವೆ. ಗುಲಾಬಿ ಕೆಂಪಿನದು ಫೆಲ್ಡ್‌ಸ್ಪಾರ್, ಗಾಜಿನಂತೆ ಬೂದುಬಣ್ಣದ್ದು ಬೆಣಚು, ಕಪ್ಪು ಚುಕ್ಕೆಗಳಲ್ಲಿ ಹೆಚ್ಚಿನವು ಕರಿ ಅಭ್ರಕ. ಕಲ್ಲು ಸವೆದಾಗ ಈ ಅಭ್ರಕದ ತೆಳು ರೇಕುಗಳು ಬಣ್ಣಗೆಟ್ಟು ಹಳದಿಯಾಗಿ ಮಣ್ಣಿನಲ್ಲಿ ಮಿನುಗುತ್ತವೆ. ಹಳ್ಳದ ಮರಳಿನಲ್ಲಿ 'ಬಂಗಾರ' ಕಂಡೆ ಎನ್ನುವವರು ಹೆಚ್ಚಾಗಿ ಕಂಡಿರುವುದು ಇದನ್ನೇ. ನಮ್ಮ ಹಿರಿಯರು ಅದಕ್ಕೆ ಕಾಗೆಬಂಗಾರ ಎಂದು ಹೆಸರಿಟ್ಟು ಮೊದಲೇ ಎಚ್ಚರಿಸಿದ್ದಾರೆ.

ಹುನಗುಂದದ ಕಡೆ ಬಂದರೆ ಬೇರೆ ನೆಲ. ಹಾಳೆ ಹಾಳೆಯಾಗಿ ಬಿಡುವ ಪದರುಶಿಲೆಗಳ ನಡುವೆ ಕೆಂಪು, ಕಪ್ಪು, ಬೂದು ಪಟ್ಟೆಗಳು ಒಂದರ ಮೇಲೊಂದು ಕೂತ ಭಾರದ ಕಲ್ಲು ಸಿಗುತ್ತದೆ. ಇದು ಪಟ್ಟೆ ಕಬ್ಬಿಣಶಿಲೆ. ಒಂದು ಪಟ್ಟೆಯಲ್ಲಿ ಕಬ್ಬಿಣದ ಅದಿರು, ಮುಂದಿನದರಲ್ಲಿ ಬೆಣಚು. ಪ್ರಾಚೀನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಆದ ಕಲ್ಲು ಇದು.

ಬಾದಾಮಿಯ ಕೆಂಪು ಬಂಡೆಗಳು ಮರಳುಗಲ್ಲು. ಪ್ರಾಚೀನ ನದಿಗಳು ಹೊತ್ತು ತಂದು ಹರಡಿದ ಮರಳು ಗಟ್ಟಿಯಾಗಿ ಬಂಡೆಯಾಗಿದೆ. ಪ್ರತಿಯೊಂದು ಮರಳಿನ ಕಣಕ್ಕೂ ಕಬ್ಬಿಣದ ತುಕ್ಕಿನ ತೆಳು ಲೇಪ ಇರುವುದರಿಂದ ಆ ಕೆಂಪು. ಗುಹಾಲಯ ನೋಡಲು ಹೋದವರು ಮೂರ್ತಿಗಳಿಂದ ಕಣ್ಣು ತೆಗೆದು ಒಮ್ಮೆ ಪಕ್ಕದ ಬಂಡೆ ನೋಡಬೇಕು. ಓರೆ ಓರೆಯಾಗಿ ಸಾಗುವ ಗೆರೆಗಳು ಅಲ್ಲಿ ಕಾಣುತ್ತವೆ. ಹರಿವ ನೀರು ಮರಳನ್ನು ತಳ್ಳಿದ ಗುರುತು ಅದು. ಕೆಲವು ಚಪ್ಪಡಿಗಳ ಮೇಲೆ ಸಣ್ಣ ಅಲೆಗಳ ಅಚ್ಚು ಮೂಡಿರುತ್ತದೆ. ಯಾರೋ ಕೆತ್ತಿದ್ದೆಂದು ತೋರಿದರೂ ಅದು ನೀರಿನ ಕೆತ್ತನೆ.

ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣಕಲ್ಲು, ಡಾಲಮೈಟು, ಬಿಳಿಯ ಗಡಸು ಕ್ವಾರ್ಟ್ಸೈಟು. ಈ ಶಿಲಾಸಮೂಹಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲಿ 'ಕಲಾದಗಿ' ಎಂದೇ ಹೆಸರು. ದಾಳಿಂಬೆಗೆ ಪ್ರಸಿದ್ಧವಾದ ಕಲಾದಗಿ ಇದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ನೆಲವನ್ನು ವಿವರವಾಗಿ ಬಣ್ಣಿಸಿದ್ದಾನೆ. ಈತನ ಹೆಸರನ್ನು ನೆನಪಿಡಬೇಕು. ಮುಂದೆ ಮತ್ತೆ ಬರುತ್ತಾನೆ. ಇನ್ನು ಬೀಳಗಿ, ಜಮಖಂಡಿಗಳತ್ತ ಹೋದರೆ ಜ್ವಾಲಾಮುಖಿಯ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ವಯಸ್ಸು ಸುಮಾರು 6.6 ಕೋಟಿ ವರ್ಷ, ಅಂದರೆ ಉಳಿದವುಗಳ ಮುಂದೆ ಕೂಸು.

ಈ ನಕ್ಷೆ ತಲೆಯಲ್ಲಿದ್ದರೆ ಅರ್ಧ ಗುಟ್ಟು ಬಯಲಾದಂತೆ. ಹುನಗುಂದದ ಹೊಲದಲ್ಲಿ ಭಾರದ ಪಟ್ಟೆಕಲ್ಲು ಸಿಕ್ಕರೆ ಅಚ್ಚರಿಯಿಲ್ಲ. ಅದೇ ಕಲ್ಲು ಬಾದಾಮಿಯ ಮರಳುಗಲ್ಲಿನ ಗುಡ್ಡದ ನೆತ್ತಿಯ ಮೇಲೆ ಸಿಕ್ಕರೆ 'ಯಾರು ತಂದರು?' ಎಂದು ಕೇಳಬೇಕು. ಹೊಳೆಯ ಪಾತ್ರದಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ದೂರದ ಕಲ್ಲುಗಳನ್ನು ಉರುಳಿಸಿ ತಂದು ದಂಡೆಗೆ ಹಾಕುತ್ತವೆ.

ಮನೆಯಲ್ಲೇ ಐದು ಪರೀಕ್ಷೆ

ಊರಿನದೋ ಅಲ್ಲವೋ ಎಂದು ಕೇಳಿದ ಮೇಲೆ ಕಲ್ಲಿನ ಜಾತಿ ಕೇಳಬೇಕು. ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಐದು ಪರೀಕ್ಷೆಗಳಿವೆ. ಒಂದು ಎಚ್ಚರ: ಇವು ಬರಿಯ ಕಲ್ಲಿಗೆ ಮಾತ್ರ. ಮನುಷ್ಯನ ಕೈಗೆಲಸದ ಸುಳಿವಿರುವ ಕಲ್ಲು, ನಾಣ್ಯ, ಮಣಿ, ಆಭರಣಗಳ ಮೇಲೆ ಇವನ್ನು ಮಾಡಬಾರದು.

ಮೊದಲನೆಯದು ಗೀರು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ಮನುಷ್ಯನ ಉಗುರಿನ ಗಡಸು ಸುಮಾರು 2.5, ತಾಮ್ರದ್ದು 3, ಚಾಕುವಿನದು 5.5ರ ಆಸುಪಾಸು, ಬೆಣಚಿನದು 7. ಚಾಕುವಿಗೆ ಸುಲಭವಾಗಿ ಗೀರು ಬೀಳುವ ಬಿಳಿ ಹರಳು ಸುಣ್ಣಕಲ್ಲಿನ ಬಳಗದ್ದು. ಚಾಕುವಿಗೆ ಜಗ್ಗದೆ ತಾನೇ ಗಾಜನ್ನು ಗೀರುವುದು ಬೆಣಚು. ಅದನ್ನು 'ವಜ್ರ' ಎಂದು ತಂದು ತೋರಿಸುವವರು ಈಗಲೂ ಇದ್ದಾರೆ.

ಎರಡನೆಯದು ಒರೆ. ಪತ್ತಾರರು ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ನೋಡುವ ಹಾಗೆಯೇ ಇದು. ಒರೆಗಲ್ಲಿನ ಬದಲು ಬಚ್ಚಲಿನ ಟೈಲ್ಸಿನ ಹೊಳಪಿಲ್ಲದ ಹಿಂಬದಿ ಸಾಕು. ಕಲ್ಲು ಕಪ್ಪಾಗಿದ್ದರೂ ಗೆರೆ ಇಟ್ಟಿಗೆ ಕೆಂಪಾಗಿ ಬಿದ್ದರೆ ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಕಪ್ಪು ಗೆರೆ ಬಿದ್ದು ಸೂಜಿಗಲ್ಲಿಗೂ ಅಂಟಿದರೆ ಮ್ಯಾಗ್ನಟೈಟ್. ಬಂಗಾರದಂತೆ ಹೊಳೆಯುವ ಪೈರೈಟ್ ಕಪ್ಪು ಹಸಿರು ಗೆರೆ ಬಿಡುತ್ತದೆ, ಬಡಿದರೆ ಪುಡಿಯಾಗುತ್ತದೆ. ನಿಜವಾದ ಬಂಗಾರದ ಗೆರೆ ಹಳದಿ; ಬಡಿದರೆ ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ.

ಮೂರನೆಯದು ಹುಳಿ. ಕಲ್ಲಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಬಿಟ್ಟಾಗ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣಕಲ್ಲು. ಡಾಲಮೈಟು ಮೊಂಡ, ಅದನ್ನು ಪುಡಿ ಮಾಡಿ ಹಾಕಿದರೆ ಮಾತ್ರ ತುಸು ನೊರೆ. ಶಾಲೆಯ ಪ್ರಯೋಗಾಲಯದ ಆಮ್ಲವನ್ನು ಶಿಕ್ಷಕರ ಎದುರಿನಲ್ಲಿ ಮಾತ್ರ ಬಳಸಬೇಕು.

ನಾಲ್ಕನೆಯದು ಸೂಜಿಗಲ್ಲು. ಅಯಸ್ಕಾಂತದ ತುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಕಲ್ಲಿನ ಹತ್ತಿರ ಒಯ್ದರೆ ಸಣ್ಣ ಸೆಳೆತವೂ ಗೊತ್ತಾಗುತ್ತದೆ.

ಐದನೆಯದು ತೂಕ. ಇದು ಆರ್ಕಿಮಿಡೀಸನ ಪಾಠ. ಮೊದಲು ಕಲ್ಲನ್ನು ತೂಗಿ ಬರೆದುಕೊಳ್ಳಬೇಕು. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು, ಅದರ ತೂಕ ನೋಡಿ, ಕಲ್ಲನ್ನು ದಾರದಿಂದ ನೀರಿನಲ್ಲಿ ಪೂರ್ತಿ ಮುಳುಗುವಂತೆ ಹಿಡಿಯಬೇಕು. ಅದು ತಳಕ್ಕೆ ತಾಗಬಾರದು. ತಕ್ಕಡಿ ಎಷ್ಟು ಗ್ರಾಂ ಹೆಚ್ಚು ತೋರಿಸುತ್ತದೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. 600 ಗ್ರಾಂ ಕಲ್ಲು ತಕ್ಕಡಿಯನ್ನು 120 ಗ್ರಾಂ ಏರಿಸಿದರೆ ಅದರ ಸಾಂದ್ರತೆ 5. ಗ್ರಾನೈಟ್ ಸುಮಾರು 2.7, ಬೆಣಚು 2.65, ಹೆಮಟೈಟ್ 5ರ ಮೇಲೆ, ಕಬ್ಬಿಣದ ಉಲ್ಕಾಶಿಲೆ 7.8ರ ಆಸುಪಾಸು. ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಆಕಾಶದ ಕಲ್ಲೆ, ಕುಲುಮೆಯ ಕಿಟ್ಟವೆ?

ಭಾರವಿದೆ, ಕಪ್ಪಾಗಿದೆ, ಸೂಜಿಗಲ್ಲಿಗೆ ಅಂಟುತ್ತದೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಉಲ್ಕೆ. ಕರ್ನಾಟಕದಲ್ಲಿ ಉಲ್ಕಾಶಿಲೆ ಬಿದ್ದಿಲ್ಲವೆಂದಲ್ಲ. 1865ರ ಸೆಪ್ಟೆಂಬರ್‌ನಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯ ಬಳಿ ಬಿದ್ದ ಕಲ್ಲುಗಳು ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಆ ಊರುಗಳ ಹೆಸರಿನಿಂದಲೇ ದಾಖಲಾಗಿವೆ. ಮದ್ದೂರಿನ ಕಲ್ಲು ಬೀಳುವುದಕ್ಕೆ ಒಂದು ತಿಂಗಳು ಮೊದಲು ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಕಲ್ಲಿನ ಕಥೆ ಇನ್ನೂ ಸೋಜಿಗ. ಅದು ಮಂಗಳ ಗ್ರಹದಿಂದ ಬಂದದ್ದೆಂದು ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ ತಿಳಿಯಿತು. ಮಂಗಳದ ಒಂದು ಬಗೆಯ ಶಿಲೆಗಳಿಗೆ ಆ ಊರಿನ ಹೆಸರೇ ನಿಂತಿದೆ.

ಆದರೆ ಉಲ್ಕಾಶಿಲೆಗೆ ತನ್ನದೇ ಚಹರೆ ಉಂಟು. ವಾತಾವರಣದಲ್ಲಿ ಉರಿದು ಬರುವುದರಿಂದ ಮೈಮೇಲೆ ತೆಳುವಾದ ಕರಿ ಸಿಪ್ಪೆ ಇರುತ್ತದೆ. ಹಸಿ ಮಣ್ಣಿನಲ್ಲಿ ಹೆಬ್ಬೆರಳು ಒತ್ತಿದಂಥ ಆಳವಿಲ್ಲದ ಗುಳಿಗಳಿರಬಹುದು. ಅಂಚುಗಳು ಮೊಂಡು. ಸಾಮಾನ್ಯವಾಗಿ ಒಳಗೆ ಗಾಳಿಗುಳ್ಳೆಗಳಿರುವುದಿಲ್ಲ, ಪಟ್ಟೆಗಳಿರುವುದಿಲ್ಲ. ಪಟ್ಟೆಯಿದ್ದರೆ ಅದು ಹುನಗುಂದದ ಕಬ್ಬಿಣಶಿಲೆಯ ಕಡೆಯದು. ಗುಳ್ಳೆ ಗುಳ್ಳೆಯಾಗಿ, ಎರಕ ಹರಿದು ಹೆಪ್ಪುಗಟ್ಟಿದಂತಿದ್ದರೆ ಅದು ಕಿಟ್ಟ.

ಕಿಟ್ಟ ಎಂದರೆ ಕಬ್ಬಿಣ ಕರಗಿಸುವಾಗ ಉಳಿಯುವ ಕಸ. ಹಾಗೆಂದು ತಾತ್ಸಾರ ಸಲ್ಲದು. ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಬಹಳ ಹಳೆಯದು. 1965ರಲ್ಲಿ ಎಂ.ಎಸ್. ನಾಗರಾಜರಾಯರು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣದ ಆಯುಧಗಳು ಸಿಕ್ಕವು. ಹೊಲದಲ್ಲಿ ಒಂದು ಕಿಟ್ಟದ ತುಂಡು ಸಿಕ್ಕರೆ ಅದು ಎತ್ತಿನಗಾಡಿಯಲ್ಲಿ ಬಂದಿರಬಹುದು. ಒಂದೇ ಕಡೆ ರಾಶಿ ಸಿಕ್ಕರೆ, ಜೊತೆಗೆ ಸುಟ್ಟ ಮಣ್ಣಿನ ಕೊಳವೆಯ ಚೂರುಗಳಿದ್ದರೆ, ಅಲ್ಲಿ ಒಂದು ಕಾಲಕ್ಕೆ ಕುಲುಮೆ ಇತ್ತು. ಬಿಡಿ ತುಂಡನ್ನು ಮನೆಗೆ ತಂದವನಿಗೆ ಈ ಕುಲುಮೆ ಎಂದೂ ಕಾಣಿಸುವುದಿಲ್ಲ.

ಕಿಟ್ಟದಂತೆ ಕಂಡರೂ ಕಿಟ್ಟವಲ್ಲದ ವಸ್ತುವೂ ಉಂಟು. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬೂದಿದಿಬ್ಬವೇ ಸಾಕ್ಷಿ. ಜನ ಅದನ್ನು ರಾಕ್ಷಸನನ್ನು ಸುಟ್ಟ ಬೂದಿ ಎಂದರು. ಜ್ವಾಲಾಮುಖಿಯ ಬೂದಿ, ಕುಲುಮೆಯ ಕಸ ಎಂಬ ಊಹೆಗಳೂ ಬಂದವು. ಅದು ದನದ ಸಗಣಿ ಸುಟ್ಟು ಕರಗಿದ ರಾಶಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡುಕೊಂಡವರಲ್ಲಿ ಬ್ರೂಸ್ ಫೂಟ್ ಮುಖ್ಯನು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಅಂಥದೇ ದಿಬ್ಬವನ್ನು ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿ ಅದು. ಸಗಣಿಯೂ ಇತಿಹಾಸವಾಗಬಲ್ಲದು, ಇದ್ದ ಜಾಗದಲ್ಲೇ ಇದ್ದರೆ.

ಗಿಡವಲ್ಲದ ಗಿಡ, ಜೀವವಿದ್ದ ಕಲ್ಲು

ಸುಣ್ಣಕಲ್ಲಿನ ಚಪ್ಪಡಿ ಬಿಡಿಸಿದಾಗ ಕೆಲವೊಮ್ಮೆ ಅದರ ಮೇಲೆ ಕಪ್ಪನೆಯ ಸೊಗಸಾದ ಜರೀಗಿಡ ಮೂಡಿರುತ್ತದೆ. ಪಳೆಯುಳಿಕೆ ಎಂದು ಯಾರಾದರೂ ಹೇಳಿಯಾರು. ಆದರೆ ಅದು ಗಿಡವಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಹರಳುಗಳು ಕವಲೊಡೆದು ಬೆಳೆದದ್ದು. ಎರೆ ಭೂಮಿಯಲ್ಲಿ ಸಿಗುವ ಬಿಳಿಯ ಗಂಟುಗಂಟಾದ 'ಎಲುಬು' ಕೂಡ ಹೆಚ್ಚಾಗಿ ಮಣ್ಣಿನೊಳಗೇ ಕೂಡಿಕೊಂಡ ಸುಣ್ಣ. ನಿಂಬೆಹಣ್ಣು ಹಿಂಡಿದರೆ ಅದರ ಗುಟ್ಟು ಹೊರಬೀಳುತ್ತದೆ. ಬಾದಾಮಿಯ ಬಂಡೆಯಿಂದ ಬಿದ್ದ ದುಂಡುಕಲ್ಲು ಡೈನೋಸಾರ್ ಮೊಟ್ಟೆಯೂ ಅಲ್ಲ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆ ಮರಳುಗಲ್ಲು ಅದಕ್ಕಿಂತ ಎಷ್ಟೋ ಮೊದಲಿನದು.

ಹಾಗಾದರೆ ಇಲ್ಲಿ ಜೀವದ ಗುರುತೇ ಇಲ್ಲವೆ? ಇದೆ, ಯಾರೂ ತಿರುಗಿ ನೋಡದ ರೂಪದಲ್ಲಿ. ಬಾಗಲಕೋಟೆ ಸೀಮೆಯ ಕೆಲವು ಸುಣ್ಣಕಲ್ಲುಗಳಲ್ಲಿ ಅಡ್ಡ ಕತ್ತರಿಸಿದ ಕೋಸುಗಡ್ಡೆಯಂತೆ ಪದರ ಪದರವಾದ ಗುಮ್ಮಟಗಳು ಕಾಣುತ್ತವೆ. ಇವು ಸ್ಟ್ರೊಮ್ಯಾಟೊಲೈಟ್‌ಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಆಳವಿಲ್ಲದ ಸಮುದ್ರದಲ್ಲಿ ಲೋಳೆಯ ಚಾಪೆಯಂತೆ ಹರಡಿಕೊಂಡು, ಬಂದ ಸುಣ್ಣದ ಕಣಗಳನ್ನು ಹಿಡಿದು ಪದರದ ಮೇಲೆ ಪದರ ಕಟ್ಟಿದವು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು ಇದು. ನಾವು ಉಸಿರಾಡುವ ಆಮ್ಲಜನಕವನ್ನು ಭೂಮಿಯಲ್ಲಿ ಮೊದಲು ತುಂಬಿಸಿದ್ದು ಇವುಗಳ ಬಳಗದ ಜೀವಿಗಳೇ. ಹೊಳೆಯುವ ಹರಳು ಆರಿಸುವ ಭರದಲ್ಲಿ ಈ ಮಂಕು ಬೂದುಗಲ್ಲನ್ನು ದಾಟಿ ಹೋಗುವವರೇ ಬಹಳ.

ಪರಶುರಾಮನ ಹೊಳೆಯಲ್ಲಿ ಕಲ್ಲಿನ ಕೊಡಲಿ

ಹುನಗುಂದ ತಾಲ್ಲೂಕಿನ ಐಹೊಳೆಗೆ ಆ ಹೆಸರು ಬಂದ ಬಗ್ಗೆ ಜನಜನಿತ ಕಥೆಯೊಂದಿದೆ. ಕ್ಷತ್ರಿಯರನ್ನು ಸಂಹರಿಸಿದ ಪರಶುರಾಮ ಮಲಪ್ರಭೆಯಲ್ಲಿ ತನ್ನ ಕೊಡಲಿ ತೊಳೆದನಂತೆ. ನೀರು ಕೆಂಪಾದುದನ್ನು ಕಂಡು ಹೆಂಗಸೊಬ್ಬಳು 'ಅಯ್ಯೋ ಹೊಳೆ' ಎಂದಳಂತೆ. ಮಳೆಗಾಲದಲ್ಲಿ ಕೆಂಪು ಮಣ್ಣು ತುಂಬಿ ಹರಿಯುವ ಹೊಳೆ ಕಂಡವರಿಗೆ ಕಥೆ ಹುಟ್ಟಿದ ಬಗೆ ಅರ್ಥವಾಗುತ್ತದೆ. ವಿಶೇಷವೆಂದರೆ, ಇದೇ ಹೊಳೆಯ ದಂಡೆಯ ಗರಸಿನಲ್ಲಿ ನಿಜವಾಗಿಯೂ ಕೊಡಲಿಗಳಿವೆ. ಕಬ್ಬಿಣದವಲ್ಲ, ಕಲ್ಲಿನವು.

ಬಾದಾಮಿ ತಾಲ್ಲೂಕಿನ ಖ್ಯಾಡ ಎಂಬ ಊರು ಹಳೆ ಶಿಲಾಯುಗದ ನೆಲೆಯೆಂದು ಪಂಡಿತ ವಲಯದಲ್ಲಿ ಹೆಸರುವಾಸಿ. ಆರ್.ವಿ. ಜೋಶಿ ಮಲಪ್ರಭಾ ಕಣಿವೆಯ ಗರಸಿನ ಪದರಗಳನ್ನೂ ಆಯುಧಗಳನ್ನೂ ಕ್ರಮವಾಗಿ ಅಧ್ಯಯನ ಮಾಡಿ 1955ರಲ್ಲಿ ಗ್ರಂಥ ಪ್ರಕಟಿಸಿದರು. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲೂ ಇಂಥ ಆಯುಧಗಳು ದೊರೆತಿವೆ. ಲಕ್ಷಾಂತರ ವರ್ಷಗಳ ಹಿಂದಿನ ಮನುಷ್ಯ ಕಲಾದಗಿಯ ಗಡಸು ಕ್ವಾರ್ಟ್ಸೈಟನ್ನೇ ಆರಿಸಿ, ಹೊಡೆದು, ಅಂಗೈಯಲ್ಲಿ ಹಿಡಿಯಬಹುದಾದ ಕೈಗೊಡಲಿ ಮಾಡಿಕೊಂಡ.

ಹೊಳೆಯ ಉರುಟುಕಲ್ಲಿಗೂ ಕೈಗೊಡಲಿಗೂ ವ್ಯತ್ಯಾಸ ಹೇಗೆ? ತಾನಾಗಿ ಒಡೆದ ಕಲ್ಲಿಗೆ ಕ್ರಮವಿಲ್ಲ. ಎಲ್ಲಿ ಬೇಕಾದರಲ್ಲಿ ಒಡೆದಿರುತ್ತದೆ. ಮನುಷ್ಯ ಹೊಡೆದ ಕಲ್ಲಿನಲ್ಲಿ ಎರಡೂ ಮುಖಗಳಿಂದ ಚಕ್ಕೆ ತೆಗೆದ ಬಟ್ಟಲಿನಂಥ ತಗ್ಗುಗಳು ಸಾಲಾಗಿ ಅಂಚಿಗೆ ಬಂದು ಸೇರುತ್ತವೆ. ಒಂದು ತುದಿ ಚೂಪು, ಇನ್ನೊಂದು ಹಿಡಿಯಲು ದಪ್ಪ. ಎರಡೂ ಬದಿ ಹೆಚ್ಚುಕಡಿಮೆ ಒಂದೇ ಅಳತೆ. ಹಾರಿದ ಚಕ್ಕೆಯಲ್ಲೂ ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ. ಬಹಳ ಕಾಲದ ನಂತರ ನವಶಿಲಾಯುಗದವರು ಮಾಡಿದ ಕೊಡಲಿಗಳು ತಿಕ್ಕಿ ನುಣುಪು ಮಾಡಿದವು. ಅಂಥವನ್ನು ಸಿಡಿಲಿನ ಜೊತೆ ಆಕಾಶದಿಂದ ಬಿದ್ದವು ಎಂದು ಯುರೋಪಿನಿಂದ ಜಪಾನಿನವರೆಗೂ ಜನ ನಂಬಿದ್ದರು.

ಭಾರತದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಮೊದಲು ಗುರುತಿಸಿದವನು ಬ್ರೂಸ್ ಫೂಟ್. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಗರಸು ತೋಡಿದ ಗುಂಡಿಯೊಂದರ ಬಳಿ ಅದು ಅವನ ಕೈಗೆ ಸಿಕ್ಕಿತು. ಅದೇ ಕಲ್ಲನ್ನು ಎಷ್ಟು ಜನ ಎಡವಿ ಹೋಗಿದ್ದರೋ. ಫೂಟ್ ಕಲ್ಲನ್ನು ಎತ್ತಿದ್ದಷ್ಟೇ ಅಲ್ಲ, ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆ ಎಂದು ಬರೆದಿಟ್ಟ. ಅವನ ಸಂಗ್ರಹ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು.

ಕೀಂಗುಟ್ಟುವ ಯಂತ್ರ

ಈಚಿನ ವರ್ಷಗಳಲ್ಲಿ ಲೋಹಶೋಧಕ ಯಂತ್ರ ಅಂಚೆಯಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಅದರ ವಿಜ್ಞಾನ ಹೈಸ್ಕೂಲಿನ ಪಾಠವೇ. ತಂತಿಯ ಸುರುಳಿಯಲ್ಲಿ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಹತ್ತಿರ ಲೋಹವಿದ್ದರೆ ಅದರಲ್ಲೂ ಸುಳಿ ವಿದ್ಯುತ್ ಹುಟ್ಟಿ ಮರುಕ್ಷೇತ್ರ ಬರುತ್ತದೆ. ಯಂತ್ರ ಅದನ್ನು ಹಿಡಿದು ಸದ್ದು ಮಾಡುತ್ತದೆ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥ ಉಪಕರಣ ಮಾಡಿಕೊಂಡು ಹೋಗಿದ್ದ. ಗುಂಡು ಪತ್ತೆಯಾಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಅದಕ್ಕೆ ಒಂದು ಕಾರಣವೆನ್ನುತ್ತಾರೆ.

ಹುನಗುಂದದಂಥ ಕಬ್ಬಿಣದ ನೆಲದಲ್ಲಿ ಯಂತ್ರಕ್ಕೆ ಅದೇ ಪಾಡು. ಮ್ಯಾಗ್ನಟೈಟ್ ತುಂಬಿದ ಕಲ್ಲೇ ಅದನ್ನು ಕೂಗಿಸುತ್ತದೆ. ಲೋಹವೇ ಸಿಕ್ಕರೂ ಹೆಚ್ಚಿನವು ಮೊಳೆ, ಗಾಡಿಯ ಕೀಲು, ಅರ್ಧಚಂದ್ರದಂಥ ತೆಳು ಕಬ್ಬಿಣದ ತುಂಡು. ಈ ಅರ್ಧಚಂದ್ರ ಹಳೆಯ ಆಯುಧವಲ್ಲ, ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೆ ಎರಡು ತುಂಡು. ಇವುಗಳ ನಡುವೆ ಎಂದೋ ಒಮ್ಮೆ ಒಂದು ನಾಣ್ಯ ಬರಬಹುದು. ವಿಜಯನಗರದ್ದೋ, ಬಿಜಾಪುರದ ಆದಿಲ್‌ಶಾಹಿಗಳದ್ದೋ, ಕಂಪನಿ ಸರಕಾರದ್ದೋ. ಆಗ ಮನೆಯ ಹಿರಿಯರು ಮಾಡುವ ಮೊದಲ ಕೆಲಸ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಹಿತ್ತಾಳೆ ಕೊಡಕ್ಕೆ ಅದು ಒಳ್ಳೆಯದು. ನಾಣ್ಯಕ್ಕಾದರೆ ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಹಾಗೆಯೇ ಬಿಡುವುದೇ ಲೇಸು.

ನಾಣ್ಯವನ್ನು ಅಗೆದು ತೆಗೆದಾಗ ಆಗುವ ನಷ್ಟ ಇನ್ನೂ ದೊಡ್ಡದು. ಒಂದು ಪದರದಲ್ಲಿ ಮಡಕೆ ಚೂರು, ಬೂದಿ, ನಾಣ್ಯ ಒಟ್ಟಿಗೆ ಇದ್ದರೆ ನಾಣ್ಯ ಉಳಿದವುಗಳ ಕಾಲ ಹೇಳುತ್ತದೆ. ಗುಂಡಿ ತೋಡಿ ನಾಣ್ಯವಷ್ಟನ್ನೇ ಎತ್ತಿಕೊಂಡರೆ ಉಳಿಯುವುದು ಒಂದು ಲೋಹದ ಬಿಲ್ಲೆ. ಲೋಹಶೋಧನೆ ಹವ್ಯಾಸವಾಗಿರುವ ಇಂಗ್ಲೆಂಡಿನಲ್ಲಿ ಕೂಡ 1997ರಿಂದ ಸಿಕ್ಕಿದ್ದನ್ನು ಜಾಗದ ಸಮೇತ ದಾಖಲಿಸುವ ಸರಕಾರಿ ವ್ಯವಸ್ಥೆ ಇದೆ. 2009ರಲ್ಲಿ ಸ್ಟಾಫರ್ಡ್‌ಶೈರ್ ಹೊಲವೊಂದರಲ್ಲಿ ಹವ್ಯಾಸಿಯೊಬ್ಬನ ಯಂತ್ರ ಸದ್ದು ಮಾಡಿ, ಅವನು ಅಧಿಕಾರಿಗಳಿಗೆ ತಿಳಿಸಿದ್ದರಿಂದ, ಸುಮಾರು 4 ಕೆ.ಜಿ. ಬಂಗಾರದ ಪ್ರಾಚೀನ ವಸ್ತುಗಳು ವಿದ್ವಾಂಸರ ಕೈಗೆ ಬಂದವು.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1878ರ ನಿಧಿ ಕಾಯ್ದೆ, ನಮ್ಮ ರಾಜ್ಯದ 1962ರ ನಿಧಿ ಕಾಯ್ದೆಗಳ ಸಾರ ಒಂದೇ: ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಡುವುದು ಅಪರಾಧ. ಸಿಕ್ಕಿದವನಿಗೂ ಜಮೀನಿನ ಒಡೆಯನಿಗೂ ಪಾಲು ದೊರೆಯುವ ಸಂದರ್ಭಗಳು ಕಾಯ್ದೆಯಲ್ಲೇ ಇವೆ. ನೂರು ವರ್ಷ ದಾಟಿದ ಪುರಾವಸ್ತುಗಳಿಗೆ 1972ರ ಕಾಯ್ದೆ ಬೇರೆ ಇದೆ. ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವುದೇ ತಪ್ಪು. ನಿಧಿಯಾಸೆಗೆ ಹಾಳು ಗುಡಿಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತು ಹೋದವರಿಂದ ಈ ನಾಡಿಗೆ ಆದ ಹಾನಿ ಎಲ್ಲರಿಗೂ ಗೊತ್ತಿದೆ.

ಅಕ್ಕಿ ಎಳೆಯುವ ತಂಬಿಗೆ

ಪಾಲಕರು ಇನ್ನೊಂದು ಬಲೆಯ ಬಗ್ಗೆ ತಿಳಿದಿರಬೇಕು. ಸಿಡಿಲು ಬಡಿದ ಹಳೆಯ ತಾಮ್ರದ ತಂಬಿಗೆಗೆ 'ಇರಿಡಿಯಂ' ಶಕ್ತಿ ಬರುತ್ತದೆ, ಅದು ಅಕ್ಕಿಯ ಕಾಳನ್ನು ಎಳೆಯುತ್ತದೆ, ವಿದೇಶಿ ವಿಜ್ಞಾನಿಗಳು ಕೋಟಿಗಟ್ಟಲೆ ಕೊಡುತ್ತಾರೆ ಎಂದು ನಂಬಿಸಿ, 'ಪರೀಕ್ಷೆಯ ಖರ್ಚು' ಎಂದು ಹಣ ಕೀಳುವ 'ರೈಸ್ ಪುಲ್ಲಿಂಗ್' ವಂಚನೆಯ ಪ್ರಕರಣಗಳು ಕರ್ನಾಟಕದ ಪೊಲೀಸರ ಮುಂದೆ ಮತ್ತೆ ಮತ್ತೆ ಬಂದಿವೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಇದನ್ನು ಒಂದೇ ಮಾತಿನಲ್ಲಿ ಒಡೆಯಬಲ್ಲ. ತಾಮ್ರದ ಪರಮಾಣು ಸಂಖ್ಯೆ 29, ಇರಿಡಿಯಂನದು 77. ಸಿಡಿಲು ಒಂದನ್ನು ಇನ್ನೊಂದಾಗಿ ಮಾಡಲಾರದು. ಇರಿಡಿಯಂ ಅಕ್ಕಿಯನ್ನು ಎಳೆಯುವುದೂ ಇಲ್ಲ. ತಂಬಿಗೆಯಲ್ಲಿ ಅಡಗಿಸಿದ ಅಯಸ್ಕಾಂತ, ಕಬ್ಬಿಣದ ಪುಡಿ ಸೇರಿಸಿದ ಕಾಳು ಸಾಕು, ಆಟ ನಡೆಯುತ್ತದೆ. ಮನೆಯ ಮಗುವಿನ ಈ ಮಾತಿಗೆ ಕಿವಿಗೊಟ್ಟಿದ್ದರೆ ಎಷ್ಟೋ ಕುಟುಂಬಗಳ ಹೊಲ ಉಳಿಯುತ್ತಿತ್ತು.

ಸಿಕ್ಕಾಗ ಏನು ಮಾಡಬೇಕು?

ಬರಿಯ ಕಲ್ಲಾದರೆ, ಸಂರಕ್ಷಿತ ಜಾಗವಲ್ಲದಿದ್ದರೆ, ಹೊಲದವರನ್ನು ಕೇಳಿ ಒಂದು ಸಣ್ಣ ತುಂಡು ತರಬಹುದು. ಅದಕ್ಕೊಂದು ಚೀಟಿ ಅಂಟಿಸಬೇಕು. ಊರು, ಹೊಲ ಅಥವಾ ಹಳ್ಳದ ಹೆಸರು, ದಿನಾಂಕ, ಸುತ್ತಲಿನ ಕಲ್ಲು ಎಂಥದು, ಮಣ್ಣಿನ ಮೇಲೆ ಬಿದ್ದಿತ್ತೋ ಒಳಗೆ ಹುದುಗಿತ್ತೋ. ಚೀಟಿಯಿಲ್ಲದ ಕಲ್ಲು ವಿಳಾಸವಿಲ್ಲದ ಕಾಗದದಂತೆ.

ಕೈಗೆಲಸದ ವಸ್ತುವೆಂದು ಅನುಮಾನ ಬಂದರೆ ಅಲುಗಿಸಬಾರದು. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ಪೆನ್ನನ್ನೋ ಇಟ್ಟು ಫೋಟೊ ತೆಗೆಯಬೇಕು. ಹತ್ತಿರದಿಂದ ಒಂದು, ಸುತ್ತಲಿನ ಜಾಗ ಕಾಣುವಂತೆ ದೂರದಿಂದ ಒಂದು. ಬಳಿಕ ಶಾಲೆಯ ಶಿಕ್ಷಕರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಬಹುದು. ಬಾದಾಮಿ, ಐಹೊಳೆಗಳಲ್ಲಿ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯಗಳಿವೆ. ಬಾದಾಮಿಯದರಲ್ಲಿ ಶಿಡ್ಲಫಡಿಯ ಆದಿಮಾನವನ ಗುಹೆಯ ಮಾದರಿಯೂ ಇದೆ, ಮಕ್ಕಳಿಗೆ ತೋರಿಸತಕ್ಕದ್ದು. ಕಲ್ಲಿನ ಜಾತಿ ತಿಳಿಯಬೇಕಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ದೂರವಿಲ್ಲ. ಉಲ್ಕಾಶಿಲೆಯ ಬಲವಾದ ಅನುಮಾನವಿದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಬರೆಯಬೇಕು. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲನೆ ಅದರ ಹೊಣೆ.

ವಿಳಾಸ ಬರೆದಿಡುವುದರಿಂದ ಏನು ಲಾಭ ಎಂದು ಕೇಳುವ ಮಕ್ಕಳಿಗೆ ಹೇಳಲು ಒಂದು ನಿಜವಾದ ಉದಾಹರಣೆ ಇದೆ. 1863ರಲ್ಲೇ ಫೂಟ್ ಮತ್ತು ಅವನ ಜೊತೆಗಾರ ವಿಲಿಯಂ ಕಿಂಗ್ ತಮಿಳುನಾಡಿನ ಅತ್ತಿರಂಪಾಕ್ಕಂ ಎಂಬಲ್ಲಿ ಕಲ್ಲಿನ ಆಯುಧಗಳನ್ನು ಕಂಡು ಜಾಗವನ್ನು ದಾಖಲಿಸಿದರು. 1999ರಿಂದ ಶಾಂತಿ ಪಪ್ಪು ಮತ್ತು ಸಂಗಡಿಗರು ಅದೇ ಜಾಗದಲ್ಲಿ ಪದರ ಪದರವಾಗಿ ಅಗೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿನ ಅತ್ಯಂತ ಹಳೆಯ ಕೈಗೊಡಲಿಗಳ ಕಾಲ ಸುಮಾರು 15 ಲಕ್ಷ ವರ್ಷ. ಭಾರತದಲ್ಲಿ ಮನುಷ್ಯಕುಲದ ಚರಿತ್ರೆಯನ್ನೇ ಅದು ಹಿಂದಕ್ಕೆ ಒಯ್ದಿತು. ಫೂಟ್ ಆ ಕಲ್ಲುಗಳನ್ನು ಬರಿದೆ ಚೀಲಕ್ಕೆ ತುಂಬಿಕೊಂಡು ಹೋಗಿದ್ದರೆ, ಮುಂದೆ ಬಂದವರು ಎಲ್ಲಿ ಅಗೆಯಬೇಕಿತ್ತು?

ಮಲಪ್ರಭೆಯ ದಂಡೆಯಲ್ಲಿ, ಹುನಗುಂದದ ಎರೆಯಲ್ಲಿ, ಇಳಕಲ್ಲಿನ ಕೆಂಪು ಬಂಡೆಗಳ ಸಂದಿಯಲ್ಲಿ ಇಂಥ ವಿಳಾಸಗಳು ಇನ್ನೂ ಎಷ್ಟಿವೆಯೋ. ಈ ಸಲದ ಮಳೆ ನಿಂತ ಮೇಲೆ ಮಕ್ಕಳು ಹಳ್ಳದ ಕಡೆ ಹೊರಟರೆ ಬೇಡ ಎನ್ನುವ ಬದಲು, ಕೈಗೊಂದು ನೋಟುಪುಸ್ತಕ, ಒಂದು ಪೆನ್ಸಿಲು ಕೊಟ್ಟು ಕಳಿಸಬಹುದು.